ಮೂಲೆಯಲ್ಲಿ ಪ್ರಮಾಣ ಬರೆಯಿರಿ

45.3, 37.2, 29.8, 21.9. ಈ ನಾಲ್ಕು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ ಲೆಕ್ಕ ಹಾಕಿದಾಗ ಭಾರತದಲ್ಲಿ ನೂರಕ್ಕೆ ಎಷ್ಟು ಮಂದಿ ಬಡತನ ರೇಖೆಯ ಕೆಳಗಿದ್ದರು ಎಂದು ಹೇಳುವ ಅಂಕಿಗಳಿವು. ಮೊದಲನೆಯದು 1993-94ರದು, ಎರಡನೆಯದು 2004-05ರದು, ಮೂರನೆಯದು 2009-10ರದು, ಕೊನೆಯದು 2011-12ರದು. ಈಗ ಗ್ರಾಫ್ ಹಾಳೆಯ ಮೇಲೆ ನಾಲ್ಕು ಬಿಂದುಗಳನ್ನು ಸಮ ಅಂತರದಲ್ಲಿ ಗುರುತಿಸಿ, ಗೆರೆ ಎಳೆದು ಸೇರಿಸಿ. ಒಂದೊಂದು ಹೆಜ್ಜೆಗೂ ಎಂಟರ ಆಸುಪಾಸು ಇಳಿತ: 8.1, 7.4, 7.9. ಸ್ಕೇಲು ಹಿಡಿದು ಎಳೆದಂಥ ನೇರ ಗೆರೆ ಸಿಗುತ್ತದೆ. ನೋಡಿದವರು ಏನೆಂದುಕೊಳ್ಳುತ್ತಾರೆ? ಬಡತನ ಒಂದೇ ಸಮನೆ ಇಳಿಯುತ್ತ ಬಂದಿದೆ, ಯಾವ ಸರ್ಕಾರ ಬಂದರೂ ಹೋದರೂ, ಮಳೆ ಆದರೂ ಹೋದರೂ ಅದು ತನ್ನ ಪಾಡಿಗೆ ತಾನು ಇಳಿಯುತ್ತದೆ ಎಂದುಕೊಳ್ಳುತ್ತಾರೆ. ಪುಟ ಮಗುಚುತ್ತಾರೆ.

ಅದೇ ಬಿಂದುಗಳನ್ನು ಕಾಲದ ನಿಜವಾದ ಅಂತರದಲ್ಲಿಟ್ಟು ನೋಡಿ. ಮೊದಲ ಎರಡರ ನಡುವೆ ಹನ್ನೊಂದು ವರ್ಷ, ಆಮೇಲಿನ ಎರಡರ ನಡುವೆ ಐದು, ಕೊನೆಯ ಎರಡರ ನಡುವೆ ಬರೀ ಎರಡು. ಗೆರೆಯ ಚಹರೆಯೇ ಬದಲಾಗುತ್ತದೆ. ಮೊದಲ ಹನ್ನೊಂದು ವರ್ಷ ಅದು ತೆವಳುತ್ತದೆ. ವರ್ಷಕ್ಕೆ ಮುಕ್ಕಾಲು ಅಂಶದಷ್ಟೂ ಇಳಿಯುವುದಿಲ್ಲ. ಮುಂದಿನ ಐದು ವರ್ಷ ವರ್ಷಕ್ಕೆ ಸುಮಾರು ಒಂದೂವರೆ ಅಂಶ. ಕೊನೆಯ ಎರಡು ವರ್ಷ ವರ್ಷಕ್ಕೆ ನಾಲ್ಕರ ಹತ್ತಿರ, ಕಡಿದಾದ ಇಳಿಜಾರು. ಆಗ ಪ್ರಶ್ನೆಗಳು ಏಳುತ್ತವೆ. ಆ ಹನ್ನೊಂದು ವರ್ಷ ಬಡವರ ಪಾಲಿಗೆ ಯಾಕೆ ಅಷ್ಟು ನಿಧಾನವಾಗಿತ್ತು? ಕೊನೆಯ ಎರಡು ವರ್ಷಗಳಲ್ಲಿ ಅಂಥದ್ದೇನಾಯಿತು? 2009ರಲ್ಲಿ ಮುಂಗಾರು ವಾಡಿಕೆಗಿಂತ ಶೇ 22ರಷ್ಟು ಕಡಿಮೆಯಾಗಿತ್ತು, ದೇಶದಲ್ಲಿ ಬರ ಬಿದ್ದಿತ್ತು ಎಂಬುದು ಆಗ ನೆನಪಿಗೆ ಬರುತ್ತದೆ. ಅದು ಬರದ ವರ್ಷವಾಗಿತ್ತೆಂಬ ಕಾರಣಕ್ಕೇ ಈ ಅಂಕಿಗಳಿಗೆ ಮೂಲವಾದ ಮನೆಖರ್ಚಿನ ಸಮೀಕ್ಷೆಯನ್ನು ಸರ್ಕಾರ ಎರಡೇ ವರ್ಷಕ್ಕೆ ಮತ್ತೆ ನಡೆಸಿತು. ಆ ಕಡಿದಾದ ಇಳಿಜಾರಿನಲ್ಲಿ ಬಡತನ ಇಳಿದದ್ದೆಷ್ಟು, ಬರ ಕಳೆದು ಜನ ಉಸಿರಾಡಿದ್ದೆಷ್ಟು ಎಂದು ಕೇಳಬೇಕಾದದ್ದು ಇಲ್ಲಿ. ಸಮ ಅಂತರದ ನೇರ ಗೆರೆ ಆ ಪ್ರಶ್ನೆಯನ್ನು ಹುಟ್ಟುವ ಮುಂಚೆಯೇ ಹೊಸಕಿ ಹಾಕಿತ್ತು. ಒಂದಂಕಿಯನ್ನೂ ಯಾರೂ ತಿದ್ದಿರಲಿಲ್ಲ.

ಈ ಸರಣಿಯಲ್ಲಿ ಇನ್ನೂ ಕೆಲವು ಗಾಯಗಳಿವೆ. 1999-2000ರಲ್ಲೂ ಸಮೀಕ್ಷೆ ನಡೆದಿತ್ತು. ಆದರೆ ಊಟ ತಿಂಡಿಯ ಖರ್ಚನ್ನು ಕಳೆದ ಏಳು ದಿನಕ್ಕೂ ಮೂವತ್ತು ದಿನಕ್ಕೂ ಒಟ್ಟಿಗೇ ಕೇಳಿದ್ದರಿಂದ ಅದನ್ನು ಉಳಿದವುಗಳ ಜೊತೆ ಹೋಲಿಸಲು ಬರುವುದಿಲ್ಲ. 2017-18ರ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ಕೊಟ್ಟು 2019ರ ನವೆಂಬರಿನಲ್ಲಿ ಸರ್ಕಾರ ಕೈಬಿಟ್ಟಿತು. 2022-23ರಲ್ಲಿ ಮತ್ತೆ ಮನೆಮನೆಗೆ ಹೋದಾಗ ಪ್ರಶ್ನಾವಳಿಯೂ ಬದಲಾಗಿತ್ತು, ಒಂದೇ ಭೇಟಿಯ ಬದಲು ಮೂರು ಭೇಟಿಗಳಲ್ಲಿ ಪ್ರಶ್ನೆ ಕೇಳಲಾಗಿತ್ತು. 2011-12ರ ಬಿಂದುವಿನಿಂದ 2022-23ರ ಬಿಂದುವಿಗೆ ಒಂದೇ ಉಸಿರಿನಲ್ಲಿ ಗೆರೆ ಎಳೆಯುವವರು ಹನ್ನೊಂದು ವರ್ಷದ ಮೌನವನ್ನು ಮಾತಾಗಿ ಮಾರುತ್ತಾರೆ. ಅಲ್ಲಿ ಗೆರೆ ಕಡಿಯಬೇಕು. ಖಾಲಿ ಜಾಗ ಖಾಲಿಯಾಗಿಯೇ ಕಾಣಬೇಕು. ಯಾಕೆ ಖಾಲಿ ಎಂದು ಒಂದು ಸಾಲು ಬರೆದಿರಬೇಕು.

ಗೆರೆ ಎಳೆಯುವ ಎಲ್ಲರಿಗೂ ಈ ಬರಹ. ಪತ್ರಿಕೆಯ ಪುಟ ಕಟ್ಟುವವರಿಗೆ, ಟಿ.ವಿ. ಪರದೆಗೆ ಚಿತ್ರ ಮಾಡುವವರಿಗೆ, ಕೆಡಿಪಿ ಸಭೆಗೆ ಪ್ರಗತಿ ವರದಿ ತಯಾರಿಸುವ ಅಧಿಕಾರಿಗಳಿಗೆ, ಕಂಪನಿಯ ಸ್ಲೈಡು ಮಾಡುವ ಹುಡುಗ ಹುಡುಗಿಯರಿಗೆ, ಪ್ರಬಂಧ ಬರೆಯುವ ಸಂಶೋಧಕರಿಗೆ. ಅಂಕಿ ನಿಮ್ಮದಲ್ಲದಿರಬಹುದು. ಅಕ್ಷ ಮಾತ್ರ ನಿಮ್ಮದು. ಎಲ್ಲಿಂದ ಶುರು, ಎಲ್ಲಿಗೆ ಮುಗಿತಾಯ, ಒಂದು ಚೌಕಕ್ಕೆ ಎಷ್ಟು, ವರ್ಷಗಳ ನಡುವೆ ಎಷ್ಟು ಜಾಗ ಎಂಬ ತೀರ್ಮಾನಗಳೆಲ್ಲ ನಿಮ್ಮ ಕೈಯಲ್ಲಿವೆ. ಓದುಗರು ಅಂಕಿಗಳನ್ನು ಒಂದೊಂದಾಗಿ ಓದುವುದಿಲ್ಲ. ಗೆರೆಯ ಓಟವನ್ನು ನೋಡುತ್ತಾರೆ, ನಂಬುತ್ತಾರೆ, ಮುಂದೆ ಹೋಗುತ್ತಾರೆ. ಆ ನಂಬಿಕೆಗೆ ನೀವು ಹೊಣೆ.

ಇದು ತಂತ್ರಾಂಶದ ಕೆಲಸ, ನಮ್ಮದೇನಿಲ್ಲ ಎನ್ನುವವರು ಬಹಳ. ತಂತ್ರಾಂಶ ಏನು ಮಾಡುತ್ತದೆ ನೋಡೋಣ. ಎಕ್ಸೆಲ್‌ನಲ್ಲಿ '1993-94', '2004-05' ಎಂದು ವರ್ಷಗಳನ್ನು ಬರೆದು 'ಲೈನ್' ಚಾರ್ಟ್ ಒತ್ತಿದರೆ ಅದು ಅವುಗಳನ್ನು ಕಾಲವೆಂದು ತಿಳಿಯುವುದಿಲ್ಲ, ಬರೀ ಹೆಸರುಗಳೆಂದು ತಿಳಿದು ಸಾಲಾಗಿ ಸಮ ಅಂತರದಲ್ಲಿ ನಿಲ್ಲಿಸುತ್ತದೆ. ಮೇಲೆ ಹೇಳಿದ ನೇರ ಗೆರೆ ಹುಟ್ಟುವುದೇ ಹೀಗೆ, ಯಾರ ದುರುದ್ದೇಶವೂ ಇಲ್ಲದೆ. ವರ್ಷವನ್ನು ಸಂಖ್ಯೆಯಾಗಿ ಕೊಟ್ಟು 'ಸ್ಕ್ಯಾಟರ್' ಆರಿಸಿದರೆ ಮಾತ್ರ ಬಿಂದುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಇನ್ನು ಲಂಬ ಅಕ್ಷ. ನೀವು ಏನೂ ಹೇಳದಿದ್ದರೆ, ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ನಡುವಿನ ವ್ಯತ್ಯಾಸ ದೊಡ್ಡದರ ಆರನೇ ಒಂದು ಭಾಗಕ್ಕಿಂತ ಹೆಚ್ಚಿದ್ದಾಗ ಎಕ್ಸೆಲ್ ಸೊನ್ನೆಯಿಂದ ಶುರು ಮಾಡುತ್ತದೆ. ಕಡಿಮೆಯಿದ್ದಾಗ ಸೊನ್ನೆಯನ್ನು ಕೈಬಿಟ್ಟು ಮೇಲೆಲ್ಲಿಂದಲೋ ಶುರು ಮಾಡುತ್ತದೆ. ಹಾಗಾಗಿ ಈ ತಿಂಗಳ ವರದಿಯಲ್ಲಿ ಸಪಾಟಾಗಿದ್ದ ಗೆರೆ ಮುಂದಿನ ತಿಂಗಳು, ಒಂದೇ ಒಂದು ಅಂಕಿ ಬದಲಾದ ಕಾರಣಕ್ಕೆ, ಗುಡ್ಡ ಹತ್ತಿದಂತೆ ಕಾಣಬಹುದು. ಖಾಲಿ ಕೋಶ ಎದುರಾದರೆ ಅದಕ್ಕೆ ಮೂರು ದಾರಿಗಳಿವೆ: ಜಾಗ ಬಿಡುವುದು, ಸೊನ್ನೆ ಎಂದು ಹಿಡಿಯುವುದು, ಆಚೀಚೆಯ ಬಿಂದುಗಳನ್ನು ಸೇರಿಸಿಬಿಡುವುದು. ಈ ಮೂರಕ್ಕೂ ಮೂರು ಬೇರೆ ಬೇರೆ ಅರ್ಥ. ಯಂತ್ರಕ್ಕೆ ನಿಮ್ಮ ಅಂಕಿಯ ಹಿಂದಿರುವುದು ಬಡತನವೋ, ಮಳೆಯೋ, ಮಗುವಿನ ತೂಕವೋ ಗೊತ್ತಿಲ್ಲ. ನಿಮಗೆ ಗೊತ್ತು. 'ಫಾರ್ಮ್ಯಾಟ್ ಆಕ್ಸಿಸ್' ತೆರೆದು 'ಮಿನಿಮಮ್', 'ಮ್ಯಾಕ್ಸಿಮಮ್' ಚೌಕಗಳಲ್ಲಿ ಅಂಕಿ ತುಂಬುವ ಎರಡು ನಿಮಿಷದ ಕೆಲಸವನ್ನು ಬಿಟ್ಟುಬಿಟ್ಟರೆ, ಯಂತ್ರದ ತೀರ್ಮಾನಕ್ಕೆ ನೀವು ಕಣ್ಣುಮುಚ್ಚಿ ಸಹಿ ಹಾಕಿದ ಹಾಗೆ.

ಹಾಗಾದರೆ ಸೊನ್ನೆಯಿಂದಲೇ ಶುರು ಮಾಡಿಬಿಟ್ಟರೆ ಪ್ರಾಮಾಣಿಕರಾದಂತೆಯೇ? ಹಾಗೆಂದು ಹೇಳಿಕೊಡುವವರಿದ್ದಾರೆ. ಕಂಬದ ಚಿತ್ರಗಳಿಗೆ ಆ ಮಾತು ಸರಿ. ಅಲ್ಲಿ ಕಂಬದ ಉದ್ದವೇ ಪ್ರಮಾಣ ಹೇಳುವುದರಿಂದ ಬುಡ ಕತ್ತರಿಸಿದರೆ ಸುಳ್ಳಾಗುತ್ತದೆ. ಗೆರೆಯ ಚಿತ್ರದಲ್ಲಿ ಸೊನ್ನೆಯೇ ಸುಳ್ಳು ಹೇಳಬಲ್ಲದು. 2015ರ ಡಿಸೆಂಬರಿನಲ್ಲಿ ಅಮೆರಿಕದ 'ನ್ಯಾಷನಲ್ ರಿವ್ಯೂ' ಪತ್ರಿಕೆ ಟ್ವಿಟರ್‌ನಲ್ಲಿ ಒಂದು ಗ್ರಾಫ್ ಹಾಕಿತು. 1880ರಿಂದ ಈಚೆಗೆ ಭೂಮಿಯ ಸರಾಸರಿ ತಾಪಮಾನದ ಗೆರೆ ಅದು. ಲಂಬ ಅಕ್ಷ ಮೈನಸ್ 10 ಡಿಗ್ರಿ ಫ್ಯಾರನ್‌ಹೀಟ್‌ನಿಂದ 110ರವರೆಗೆ. ಗೆರೆ ಎಡದಿಂದ ಬಲಕ್ಕೆ ಚಾಪೆ ಹಾಸಿದಂತೆ ಮಲಗಿತ್ತು. ಹವಾಮಾನ ಬದಲಾವಣೆಯ ಬಗ್ಗೆ ಇದೊಂದನ್ನು ನೋಡಿದರೆ ಸಾಕು ಎಂಬ ಧಾಟಿಯ ಒಕ್ಕಣೆ ಬೇರೆ. ಅಷ್ಟು ಹೊತ್ತಿಗೆ ಭೂಮಿ ಹತ್ತೊಂಬತ್ತನೇ ಶತಮಾನದ ಕೊನೆಗಿಂತ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್, ಅಂದರೆ 1.8 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗಿತ್ತು. 120 ಡಿಗ್ರಿಯ ಅಕ್ಷದಲ್ಲಿ, ಹತ್ತು ಸೆಂಟಿಮೀಟರ್ ಎತ್ತರದ ಚಿತ್ರದಲ್ಲಿ, ಅದು ಒಂದೂವರೆ ಮಿಲಿಮೀಟರ್ ಆಗುತ್ತದೆ. ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಕೆನಡಾ, ಉತ್ತರ ಯುರೋಪುಗಳು ಮಂಜುಗಡ್ಡೆಯಡಿ ಹೂತುಹೋಗಿದ್ದಾಗ ಭೂಮಿಯ ಸರಾಸರಿ ಇಂದಿಗಿಂತ ಬರೀ ಐದಾರು ಡಿಗ್ರಿ ಸೆಲ್ಸಿಯಸ್ ಕಡಿಮೆಯಿತ್ತು. ಅದೇ ಅಕ್ಷದಲ್ಲಿ ಆ ಹಿಮಯುಗವೂ ಒಂದು ಸೆಂಟಿಮೀಟರನ್ನು ಮೀರುವುದಿಲ್ಲ. ಹಿಮಯುಗವನ್ನೇ ಕಿರುಬೆರಳಿನ ಅಗಲದೊಳಗೆ ಅಡಗಿಸುವ ಅಕ್ಷವನ್ನು ಪ್ರಾಮಾಣಿಕ ಎಂದು ಹೇಗೆ ಕರೆಯುವುದು?

ಆಸ್ಪತ್ರೆಯಲ್ಲಿ ಮಂಚದ ಕಾಲ ಬಳಿ ತೂಗುಹಾಕುವ ಜ್ವರದ ಚಾರ್ಟನ್ನು ನೆನಪಿಸಿಕೊಳ್ಳಿ. ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಶ್ 1868ರಲ್ಲಿ ಪುಸ್ತಕ ಬರೆದು ರೋಗಿಯ ತಾಪಮಾನವನ್ನು ಹೊತ್ತುಹೊತ್ತಿಗೆ ಗುರುತಿಸಿ ಗೆರೆ ಎಳೆಯುವ ಪದ್ಧತಿಯನ್ನು ಗಟ್ಟಿಗೊಳಿಸಿದವರು. ಆ ಚಾರ್ಟು ಸೊನ್ನೆಯಿಂದ ಶುರುವಾಗುವುದಿಲ್ಲ. 95 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿನಿಂದ 106ರ ಆಸುಪಾಸಿನವರೆಗೆ ಇರುತ್ತದೆ, ಯಾಕೆಂದರೆ ಮನುಷ್ಯ ಬದುಕುವುದು, ಸಾಯುವುದು ಎರಡೂ ಆ ಹತ್ತು ಹನ್ನೊಂದು ಡಿಗ್ರಿಗಳೊಳಗೆ. ಅಕ್ಷ ಕಟ್ಟುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ. ಈ ಅಳತೆಯಲ್ಲಿ ಒಂದು ಅಂಶ ಏರಿದರೆ, ಇಳಿದರೆ ಯಾರ ಮೈಮೇಲೆ ಎಷ್ಟು ಭಾರ ಬೀಳುತ್ತದೆ? ಕಾಗದದ ಮೇಲಿನ ಏರಿಳಿತ ಆ ಭಾರಕ್ಕೆ ತಕ್ಕಂತಿದೆಯೇ? ಇದಕ್ಕೆ ಉತ್ತರ ಗಣಿತದಲ್ಲಿ ಸಿಗುವುದಿಲ್ಲ. ವಿಷಯ ತಿಳಿದವರನ್ನು ಹೋಗಿ ಕೇಳಬೇಕು.

2021ರ ಬೇಸಿಗೆಯ ಮಾತು ಎತ್ತದೆ ಇದನ್ನು ಬರೆದು ಮುಗಿಸಲಾರೆ. 2020ರ ಸೆಪ್ಟೆಂಬರಿನಲ್ಲಿ ದೇಶದ ದಿನದ ಕೋವಿಡ್ ಪ್ರಕರಣಗಳು 97 ಸಾವಿರ ದಾಟಿ ಆಮೇಲೆ ಇಳಿದಿದ್ದವು. 2021ರ ಫೆಬ್ರುವರಿ ಮಧ್ಯದಲ್ಲಿ ಹತ್ತು ಸಾವಿರದ ಆಸುಪಾಸು. ಮಾರ್ಚ್ ಮಧ್ಯಕ್ಕೆ ಇಪ್ಪತ್ತೈದು ಸಾವಿರ. ಸಾಮಾನ್ಯ ಅಕ್ಷದ ಚಿತ್ರದಲ್ಲಿ ಈ ಇಪ್ಪತ್ತೈದು ಸಾವಿರ ಹಿಂದಿನ ಶಿಖರದ ಕಾಲು ಭಾಗ; ಬಯಲಿನಲ್ಲೊಂದು ದಿಬ್ಬ. ಗೆದ್ದೆವು ಎಂಬ ಮಾತು ಕೇಳಿಬರುತ್ತಿದ್ದ ಆ ದಿನಗಳಲ್ಲಿ ಆ ದಿಬ್ಬ ಯಾರ ಕಣ್ಣನ್ನೂ ಚುಚ್ಚಲಿಲ್ಲ. ಲಾಗ್ ಪ್ರಮಾಣದ ಅಕ್ಷದಲ್ಲಿ ಒಂದು ಸಾವಿರದಿಂದ ಹತ್ತು ಸಾವಿರಕ್ಕೆ ಎಷ್ಟು ಎತ್ತರವೋ ಹತ್ತು ಸಾವಿರದಿಂದ ಒಂದು ಲಕ್ಷಕ್ಕೂ ಅಷ್ಟೇ ಎತ್ತರ. ಎಷ್ಟಿತ್ತು ಎಂಬುದಕ್ಕಿಂತ ಎಷ್ಟು ಪಟ್ಟು ಆಯಿತು ಎಂಬುದನ್ನು ಅದು ತೋರಿಸುತ್ತದೆ. ಅದೇ ಅಂಕಿಗಳನ್ನು ಅಲ್ಲಿಟ್ಟು ನೋಡಿದ್ದರೆ ಇಳಿಯುತ್ತಿದ್ದ ಗೆರೆ ಫೆಬ್ರುವರಿ ಕೊನೆಯಲ್ಲೇ ಮೇಲ್ಮುಖವಾಗಿ ತಿರುಗಿದ್ದು, ತಿರುಗಿ ಬಿಡದೆ ಹತ್ತುತ್ತಿದ್ದದ್ದು ಎದ್ದು ಕಾಣುತ್ತಿತ್ತು. ಏಪ್ರಿಲ್ ಮೊದಲ ವಾರ ಒಂದು ಲಕ್ಷ. ಏಪ್ರಿಲ್ 22ರ ಹೊತ್ತಿಗೆ ಮೂರು ಲಕ್ಷ. ಮೇ ಮೊದಲ ವಾರ ನಾಲ್ಕು ಲಕ್ಷದ ಮೇಲೆ. ಕರ್ನಾಟಕ ಒಂದರಲ್ಲೇ ದಿನಕ್ಕೆ ಐವತ್ತು ಸಾವಿರ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕಕ್ಕಾಗಿ ಬಾಯಿಬಿಟ್ಟವರ ಮನೆಯವರನ್ನು ಕೇಳಿ ನೋಡಿ, ಆರು ವಾರ ಮೊದಲು ಎಚ್ಚರಿಕೆ ಸಿಕ್ಕಿದ್ದರೆ ಅದರ ಬೆಲೆ ಎಷ್ಟಿತ್ತು ಎಂದು. ಒಂದು ಗ್ರಾಫ್ ಎಲ್ಲರನ್ನೂ ಉಳಿಸಿಬಿಡುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಎಚ್ಚರಿಕೆ ಅಂಕಿಗಳಲ್ಲಿ ಇತ್ತು, ಅದು ಕಾಣುವ ಅಕ್ಷವನ್ನು ಜನರ ಮುಂದೆ ಇಡಬೇಕಾದವರು ಇಡಲಿಲ್ಲ ಎಂದು ಹೇಳುತ್ತಿದ್ದೇನೆ.

ಹಾಗೆಂದು ಲಾಗ್ ಅಕ್ಷವೇ ಸತ್ಯವಂತ ಎನ್ನಲೂ ಬಾರದು. ಅದೇ ಏಪ್ರಿಲ್ ಮಧ್ಯದಲ್ಲಿ ದೇಶದಲ್ಲಿ ದಿನಕ್ಕೆ ಸಾವಿರದಷ್ಟಿದ್ದ ಅಧಿಕೃತ ಸಾವಿನ ಸಂಖ್ಯೆ ಮೇ ಎರಡನೇ ವಾರದ ಹೊತ್ತಿಗೆ ನಾಲ್ಕು ಸಾವಿರ ಮುಟ್ಟಿತ್ತು. ಒಂದರಿಂದ ಹತ್ತು ಸಾವಿರದವರೆಗಿನ ಲಾಗ್ ಅಕ್ಷದಲ್ಲಿ ಆ ಏರಿಕೆ ಚಿತ್ರದ ಎತ್ತರದ ಆರನೇ ಒಂದು ಭಾಗದಷ್ಟೂ ದೊಡ್ಡದಾಗಿ ಕಾಣುವುದಿಲ್ಲ. ದಿನಕ್ಕೆ ಮೂರು ಸಾವಿರ ಹೆಚ್ಚು ಚಿತೆ, ಮೂರು ಸಾವಿರ ಹೆಚ್ಚು ಗೋರಿ, ಅಷ್ಟೆಲ್ಲ ಅಷ್ಟು ಜಾಗದಲ್ಲಿ. ಬೆಂಗಳೂರಿನ ಚಿತಾಗಾರಗಳ ಮುಂದೆ ಸಾಲುಗಟ್ಟಿ ನಿಂತ ಆಂಬುಲೆನ್ಸ್‌ಗಳನ್ನು ಕಂಡವರ ಮುಂದೆ ಆ ಚಿತ್ರ ಹಿಡಿದರೆ ಅದು ಅವಮಾನ. ಸೋಂಕು ಹರಡುವ ವೇಗ ಕೇಳಿದಾಗ ಲಾಗ್ ಬೇಕು, ಎಷ್ಟು ಮನೆಗಳಲ್ಲಿ ದೀಪ ಆರಿತು ಎಂದು ಕೇಳಿದಾಗ ಸಾಮಾನ್ಯ ಅಕ್ಷ ಬೇಕು. ಎರಡನ್ನೂ ಅಕ್ಕಪಕ್ಕ ಇಡಲು ಯಾವ ಪತ್ರಿಕೆಗೂ ಜಾಗವಿಲ್ಲದೆ ಇರಲಿಲ್ಲ.

ಜಾಗದ ಮಾತು ಬಂದಾಗ ಕಾವೇರಿಯ ಮಾತು. ಮುಂಗಾರು ಶುರುವಾದರೆ ಕನ್ನಡ ಪತ್ರಿಕೆಗಳಲ್ಲಿ ದಿನವೂ ಕೆಆರ್‌ಎಸ್ ನೀರಿನ ಮಟ್ಟ ಬರುತ್ತದೆ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಂಡ್ಯದ ರೈತರು ಮೊದಲು ಕಣ್ಣಾಡಿಸುವ ಪೆಟ್ಟಿಗೆ ಅದು, ವಿ.ಸಿ. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ನಾಟಿ ಮಾಡಬೇಕೋ ಬೇಡವೋ ಎಲ್ಲವೂ ಅಲ್ಲಿಂದ. ಇದನ್ನು ಗ್ರಾಫ್ ಮಾಡುವವರು ಅಡಿಯನ್ನೇ ಲಂಬ ಅಕ್ಷಕ್ಕೆ ಹಾಕುತ್ತಾರೆ. ನೀರು ನೂರು ಅಡಿಗೆ ಇಳಿದಾಗ ಗೆರೆ ಐದನೇ ಒಂದು ಭಾಗದಷ್ಟು ಇಳಿದಂತೆ ಕಾಣುತ್ತದೆ. ಅಯ್ಯೋ, ಇನ್ನೂ ಮುಕ್ಕಾಲಿಗಿಂತ ಹೆಚ್ಚು ಇದೆಯಲ್ಲ ಎನ್ನಿಸುತ್ತದೆ. ಆದರೆ ಕಣಿವೆ ಕೆಳಗೆ ಕಿರಿದು, ಮೇಲೆ ಅಗಲ. ಮೇಲಿನ ಒಂದೊಂದು ಅಡಿಯಲ್ಲಿ ನಿಲ್ಲುವ ನೀರು ಕೆಳಗಿನ ಅಡಿಗಿಂತ ಬಹಳ ಹೆಚ್ಚು. 49.45 ಟಿಎಂಸಿ ಹಿಡಿಯುವ ಜಲಾಶಯದಲ್ಲಿ ನೂರು ಅಡಿಗೆ ಉಳಿಯುವುದು ಅರ್ಧಕ್ಕೂ ಕಡಿಮೆ. ಅದರಲ್ಲೂ ಅಷ್ಟೂ ನೀರು ಬಳಸಲು ಸಿಗುವುದಿಲ್ಲ. ಹಳ್ಳಿಯ ಅನುಭವಿ ರೈತರಿಗೆ ಇದು ಗೊತ್ತು. ಬೆಂಗಳೂರಿನಲ್ಲಿ ಕಾವೇರಿ ನೀರು ಕುಡಿಯುತ್ತ ಆ ಗೆರೆ ನೋಡುವವರಿಗೆ ಗೊತ್ತಿಲ್ಲ.

ನಮಗೆ ಕಹಿಯಾದ ಮಾತನ್ನೂ ಇಲ್ಲಿ ಹೇಳಬೇಕು. ತಮಿಳುನಾಡಿನ ಮೆಟ್ಟೂರು ಜಲಾಶಯದ ಪೂರ್ಣ ಮಟ್ಟ 120 ಅಡಿ. ಕೆಆರ್‌ಎಸ್ ಮತ್ತು ಮೆಟ್ಟೂರನ್ನು ಅಡಿಯ ಅಕ್ಷದ ಮೇಲೆ ಒಟ್ಟಿಗೆ ಎಳೆದರೆ ಎರಡೂ ಅವಳಿಗಳಂತೆ ಕಾಣುತ್ತವೆ. ಮೆಟ್ಟೂರು ಹಿಡಿಯುವುದು 93.47 ಟಿಎಂಸಿ, ಕೆಆರ್‌ಎಸ್‌ಗೆ ಹತ್ತಿರ ಹತ್ತಿರ ಎರಡು ಪಟ್ಟು. ಅವರ ಬಳಿ ನಮಗಿಂತ ಹೆಚ್ಚಿದೆ ಎನ್ನಬೇಕಾದ ದಿನ ಟಿಎಂಸಿ ಅಕ್ಷ, ನಮ್ಮ ಕೆರೆ ಬರಿದಾಗಿದೆ ಎನ್ನಬೇಕಾದ ದಿನ ಶೇಕಡಾ ಅಕ್ಷ, ಹೆದರಬೇಡಿ ಎನ್ನಬೇಕಾದ ದಿನ ಅಡಿಯ ಅಕ್ಷ ಎಂದು ಎರಡು ರಾಜ್ಯಗಳಲ್ಲೂ ಅಕ್ಷ ಬದಲಿಸುತ್ತ ಕೂತರೆ ಜಗಳಕ್ಕೆ ಎಂದೂ ಕೊನೆಯಿಲ್ಲ. ಕಾವೇರಿ ಗಲಾಟೆಯಲ್ಲಿ ಬಸ್ಸುಗಳಿಗೆ ಬೆಂಕಿ ಬಿದ್ದದ್ದನ್ನು ನಾವು ಕಂಡಿದ್ದೇವೆ. ರೊಚ್ಚಿಗೇಳಿಸುವ ಗೆರೆಯೊಂದನ್ನು ಪರದೆಯ ಮೇಲೆ ಬಿಡುವ ಮುನ್ನ, ಬಸ್ಸಿನ ಒಳಗಿರುವ ಡ್ರೈವರು ಕಂಡಕ್ಟರುಗಳನ್ನು ನೆನೆಯಿರಿ. ಎರಡೂ ಜಲಾಶಯ ಟಿಎಂಸಿಯಲ್ಲಿ, ಒಂದೇ ಅಕ್ಷದ ಮೇಲೆ, ಕಳೆದ ಹತ್ತು ವರ್ಷಗಳ ಸರಾಸರಿಯ ಜೊತೆ. ಅದು ನಮಗೆ ಅನುಕೂಲವಾಗದ ದಿನವೂ ಹಾಗೆಯೇ.

ಅಕ್ಷವನ್ನೇ ಅಳಿಸಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸಂಸತ್ತು ಸಾಕ್ಷಿ. 2015ರ ಸೆಪ್ಟೆಂಬರ್ 29ರಂದು 'ಪ್ಲ್ಯಾನ್ಡ್ ಪೇರೆಂಟ್‌ಹುಡ್' ಎಂಬ ಆರೋಗ್ಯ ಸಂಸ್ಥೆಯ ಅಧ್ಯಕ್ಷೆಯನ್ನು ಸದನ ಸಮಿತಿಯೊಂದು ವಿಚಾರಣೆಗೆ ಕರೆದಿತ್ತು. ಸಮಿತಿಯ ಅಧ್ಯಕ್ಷ ಜೇಸನ್ ಚಾಫೆಟ್ಜ್ ತೆರೆಯ ಮೇಲೆ ಎರಡು ಗೆರೆಗಳನ್ನು ತೋರಿಸಿದರು. ಕ್ಯಾನ್ಸರ್ ತಪಾಸಣೆಯ ಗೆರೆ ಕೆಳಕ್ಕೆ ಬೀಳುತ್ತಿತ್ತು, ಗರ್ಭಪಾತದ ಗೆರೆ ಮೇಲಕ್ಕೆ ಏರುತ್ತಿತ್ತು, ಎರಡೂ ನಡುವೆ ಒಂದನ್ನೊಂದು ಕತ್ತರಿಸುತ್ತಿದ್ದವು. ಲಂಬ ಅಕ್ಷವೇ ಇರಲಿಲ್ಲ. 2006ರಿಂದ 2013ರ ನಡುವೆ ತಪಾಸಣೆಗಳು 20,07,371ರಿಂದ 9,35,573ಕ್ಕೆ ಇಳಿದಿದ್ದವು, ಗರ್ಭಪಾತಗಳು 2,89,750ರಿಂದ 3,27,000ಕ್ಕೆ ಏರಿದ್ದವು. ಒಂದೇ ಅಕ್ಷದ ಮೇಲೆ ಇಟ್ಟರೆ ಈ ಎರಡು ಗೆರೆಗಳು ಎಲ್ಲಿಯೂ ಮುಟ್ಟುವುದಿಲ್ಲ. ಅವರ ತೆರೆಯ ಮೇಲೆ ಒಂಬತ್ತು ಲಕ್ಷ ಮೂರು ಲಕ್ಷದ ಕೆಳಗೆ ಬಿದ್ದಿತ್ತು. ಗರ್ಭಪಾತದ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ಒಂಬತ್ತನ್ನು ಮೂರಕ್ಕಿಂತ ಕೆಳಗಿಡುವ ಹಕ್ಕು ಯಾವ ನಿಲುವಿಗೂ ಇಲ್ಲ. ನಮ್ಮಲ್ಲೂ ಎಡಕ್ಕೊಂದು ಅಕ್ಷ, ಬಲಕ್ಕೊಂದು ಅಕ್ಷ ಹಾಕಿ ಎರಡು ಗೆರೆಗಳನ್ನು ಬೇಕಾದಲ್ಲಿ ಕತ್ತರಿಸುವ ಚಿತ್ರಗಳು ದಿನವೂ ಬರುತ್ತವೆ. ಆ ಕತ್ತರಿ ಬಿಂದುವಿಗೆ ಯಾವ ಅರ್ಥವೂ ಇಲ್ಲ; ಅಕ್ಷ ಸ್ವಲ್ಪ ಹಿಗ್ಗಿಸಿದರೆ ಅದು ಹತ್ತು ವರ್ಷ ಆಚೆಗೋ ಈಚೆಗೋ ಸರಿಯುತ್ತದೆ. ಎರಡು ಅಳತೆಗಳಿದ್ದರೆ ಎರಡು ಚಿತ್ರ ಮಾಡಿ, ಒಂದರ ಕೆಳಗೊಂದು ಇಡಿ.

ಕೆಟ್ಟ ಮನಸ್ಸು ಇಲ್ಲದೆಯೂ ತಪ್ಪಾಗುತ್ತದೆ. 2014ರಲ್ಲಿ ರಾಯಿಟರ್ಸ್ ಪ್ರಕಟಿಸಿದ ಚಿತ್ರವೊಂದರಲ್ಲಿ ಫ್ಲಾರಿಡಾದ ಗುಂಡೇಟಿನ ಸಾವುಗಳನ್ನು ತಲೆಕೆಳಗಾದ ಅಕ್ಷದ ಮೇಲೆ, ರಕ್ತ ಸುರಿದಂತೆ ಕೆಂಪಾಗಿ ತೋರಿಸಲಾಗಿತ್ತು. ಸೊನ್ನೆ ಮೇಲೆ, ಎಂಟು ನೂರು ಕೆಳಗೆ. 2005ರಲ್ಲಿ ಆತ್ಮರಕ್ಷಣೆಗೆ ಗುಂಡು ಹಾರಿಸುವ ಅವಕಾಶ ವಿಸ್ತರಿಸಿದ ಕಾನೂನು ಬಂದ ಮೇಲೆ ಸಾವು ಹೆಚ್ಚಿದ್ದವು. ಕಡಿಮೆಯಾದವೆಂದೇ ಬಹಳಷ್ಟು ಮಂದಿ ಓದಿಕೊಂಡರು. ಕಲಾವಿದರ ಸಂಕಟ ನಿಜವಾಗಿತ್ತು, ಓದುಗರ ಕೈಗೆ ಸಿಕ್ಕಿದ್ದು ತಿರುವುಮುರುವು.

ಈ ಕಲೆಯನ್ನು ಹುಟ್ಟಿಸಿದ ಮನುಷ್ಯನಲ್ಲಿ ಒಂದು ಸಂಯಮವಿತ್ತು. 1786ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪ್ಲೇಫೇರ್ ತನ್ನ 'ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್' ಹೊರತಂದ. 44 ಚಿತ್ರಗಳಲ್ಲಿ 43 ಕಾಲದ ಜೊತೆ ಓಡುವ ಚಿತ್ರಗಳು, ದೇಶದೇಶಗಳ ಆಮದು ರಫ್ತು. ಉಳಿದ ಒಂದು ಸ್ಕಾಟ್‌ಲೆಂಡಿನದು, ಅವನ ತಾಯ್ನಾಡಿನದು. ಅದಕ್ಕೆ ಒಂದೇ ವರ್ಷದ ಅಂಕಿಗಳು ಸಿಕ್ಕಿದ್ದವು. ಗೆರೆ ಎಳೆಯಲು ಬೇಕಾದ ವರ್ಷಗಳೇ ಇಲ್ಲದಿದ್ದಾಗ ಅವನು ಗೆರೆ ಎಳೆಯಲಿಲ್ಲ, ಕಂಬಗಳನ್ನು ಬರೆದ. ಕಂಬದ ಚಿತ್ರ ಪುಸ್ತಕಕ್ಕೆ ಬಂದದ್ದು ಹಾಗೆ. ಎರಡೇ ಬಿಂದು ಸಿಕ್ಕ ಕೂಡಲೇ 'ಪ್ರವೃತ್ತಿ' ಎಂದು ಗೆರೆ ಎಳೆದು, ತುದಿಗೆ ಬಾಣ ಬಿಡುವ ನಮಗೆ ಆ ಸಂಯಮ ಬೇಕು.

ಅಕ್ಷವನ್ನು ಮನುಷ್ಯರಿಗಾಗಿ ಹೇಗೆ ಕಟ್ಟಬೇಕೆಂದು ನೋಡಬೇಕಾದರೆ ಹತ್ತಿರದ ಅಂಗನವಾಡಿಗೆ ಹೋಗಿ ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆ ನೋಡಿ. ಅಡ್ಡಕ್ಕೆ ಮಗುವಿನ ವಯಸ್ಸು ತಿಂಗಳುಗಳಲ್ಲಿ, ನೆಟ್ಟಗೆ ತೂಕ ಕಿಲೋಗಳಲ್ಲಿ. ಹಿಂದೆ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು ಬಾಗಿ ಮೇಲೇರುತ್ತವೆ. ಹುಡುಗಿಗೊಂದು ನಕ್ಷೆ, ಹುಡುಗನಿಗೊಂದು. ಆ ಪಟ್ಟಿಗಳ ಹಿಂದೆ ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳಲ್ಲಿ ಸುಮಾರು ಎಂಟೂವರೆ ಸಾವಿರ ಮಕ್ಕಳನ್ನು ಅಳೆದು 2006ರಲ್ಲಿ ಕೊಟ್ಟ ಮಾನದಂಡವಿದೆ. ನಮ್ಮ ಮಕ್ಕಳು ದಕ್ಷಿಣ ದೆಹಲಿಯವರು. ಎರಡು ತಿಂಗಳು ಮಗುವಿನ ತೂಕ ಹಾಗೇ ನಿಂತಿತೆನ್ನಿ. ಬರೀ ಅಂಕಿ ಕೇಳಿದ ತಾಯಿಗೆ ಇಳಿದಿಲ್ಲವಲ್ಲ ಎಂಬ ಸಮಾಧಾನ. ನಕ್ಷೆಯಲ್ಲಿ ಗೆರೆ ಮಲಗಿ, ಹಸಿರು ಪಟ್ಟಿ ಅದನ್ನು ಬಿಟ್ಟು ಮೇಲೆ ಹೋಗುವುದು ಕಾಣುತ್ತದೆ. ಅಕ್ಷರ ಬಾರದ ತಾಯಿಗೂ ಕಾಣುತ್ತದೆ. ಕೆಲವು ನೂರು ಗ್ರಾಮುಗಳ ಕೊರತೆ ಕಣ್ಣಿಗೆ ಬೀಳುವಂತೆ ಆ ಅಕ್ಷವನ್ನು ಯಾರೋ ಯೋಚಿಸಿ ಕಟ್ಟಿದ್ದಾರೆ. ಗೌರವಧನಕ್ಕಾಗಿ ಬೀದಿಯಲ್ಲಿ ಕೂರಬೇಕಾದ ಕಾರ್ಯಕರ್ತೆ, ನೂರೆಂಟು ರಿಜಿಸ್ಟರುಗಳ ನಡುವೆ, ಚುಕ್ಕಿ ಸರಿಯಾದ ತಿಂಗಳಿನ ಮೇಲೆ ಬಿತ್ತೇ ಎಂದು ಬಾಗಿ ನೋಡುತ್ತಾಳೆ. ತಿಂಗಳು ತಪ್ಪಿದರೆ ಅಲ್ಲಿ ಚುಕ್ಕಿ ಇಡುವುದಿಲ್ಲ. ಅವಳಷ್ಟು ಎಚ್ಚರ ಹವಾನಿಯಂತ್ರಿತ ಕೋಣೆಯಲ್ಲಿ ಕೂತ ನಮಗೇಕೆ ಕಷ್ಟ?

ಇನ್ನೂ ಒಂದು ಕಡೆ ಈ ಶಿಸ್ತು ಇದೆ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಓದುವ ಪ್ರತಿ ಮಗುವೂ ಗ್ರಾಫ್ ಹಾಳೆಯ ಮೂಲೆಯಲ್ಲಿ ಬರೆಯುತ್ತದೆ: ಪ್ರಮಾಣ, ಎಕ್ಸ್-ಅಕ್ಷ 1 ಸೆಂ.ಮೀ = 1 ಮಾನ, ವೈ-ಅಕ್ಷ 1 ಸೆಂ.ಮೀ = 1 ಮಾನ. ಬರೆಯದೆ ಬಿಡಬೇಡ ಎಂದು ಮೇಷ್ಟ್ರು ವರ್ಷವಿಡೀ ಹೇಳುತ್ತಾರೆ. ಮೂಲಬಿಂದುವಿನಿಂದ ಶುರು ಮಾಡದಿದ್ದರೆ ಅಕ್ಷದ ಬುಡದಲ್ಲಿ ಮುರಿದ ಗೆರೆಯ ಗುರುತು ಹಾಕಬೇಕೆಂದೂ ಹೈಸ್ಕೂಲಿನಲ್ಲೇ ಕಲಿಸುತ್ತಾರೆ. ಹದಿನೈದು ವರ್ಷದ ಮಗು ಬರೆಯುವುದನ್ನು ಐವತ್ತು ವರ್ಷದ ಇಲಾಖೆ ಬರೆಯುವುದಿಲ್ಲ, ನೂರು ವರ್ಷದ ಪತ್ರಿಕೆ ಬರೆಯುವುದಿಲ್ಲ, ಕೋಟಿಗಟ್ಟಲೆ ವಹಿವಾಟಿನ ಕಂಪನಿ ಬರೆಯುವುದಿಲ್ಲ. ಗಣಿತದ ಮೇಷ್ಟ್ರೇ, ಟೀಚರೇ, ಆ ಪಾಠವನ್ನು ಪರೀಕ್ಷೆಯಾಚೆಗೆ ಒಯ್ಯಿರಿ. ಬೆಳಗಿನ ಪೇಪರನ್ನು ತರಗತಿಗೆ ತನ್ನಿ, ಅದರಲ್ಲಿನ ಗ್ರಾಫನ್ನು ಮಕ್ಕಳಿಂದ ಸರಿಯಾದ ಪ್ರಮಾಣದಲ್ಲಿ ಮತ್ತೆ ಎಳೆಸಿ. ಎರಡನ್ನೂ ಗೋಡೆಗೆ ಅಂಟಿಸಿ.

ಸಂಪಾದಕರೇ, ಸುದ್ದಿಮನೆಯಲ್ಲಿ ಕಾಗುಣಿತ ತಿದ್ದಲು ಒಬ್ಬರಿದ್ದಾರೆ. ಅಕ್ಷ ತಿದ್ದಲು ಒಬ್ಬರನ್ನು ನೇಮಿಸಿ. ತಪ್ಪಾದ ಗ್ರಾಫಿಗೂ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ. ಅಧಿಕಾರಿಗಳೇ, ಜಿಲ್ಲೆಜಿಲ್ಲೆಗಳನ್ನು ಹೋಲಿಸುವ ಮೂವತ್ತೊಂದು ಪುಟ್ಟ ಗ್ರಾಫುಗಳಿಗೆ ಒಂದೇ ಅಕ್ಷವಿರಲಿ. ಒಂದೊಂದಕ್ಕೆ ಒಂದೊಂದು ಅಕ್ಷ ಕೊಟ್ಟರೆ ಯಾದಗಿರಿಯ ಸಂಕಟವೂ ಉಡುಪಿಯ ನೆಮ್ಮದಿಯೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ತಂತ್ರಾಂಶ ಬರೆಯುವ ನಮ್ಮ ಬೆಂಗಳೂರಿನ ಇಂಜಿನಿಯರುಗಳೇ, ಲೋಕದ ಅರ್ಧದಷ್ಟು ಡ್ಯಾಶ್‌ಬೋರ್ಡುಗಳು ನಿಮ್ಮ ಕೈದಾಟಿ ಹೋಗುತ್ತವೆಯೋ ಎನ್ನಿಸುತ್ತದೆ. ಅಕ್ಷ ಸೊನ್ನೆ ಬಿಟ್ಟು ಶುರುವಾದರೆ ತಾನಾಗಿಯೇ ಗುರುತು ಬೀಳುವಂತೆ, ಅಂಕಿ ಇಲ್ಲದ ಕಡೆ ಗೆರೆ ತಾನಾಗಿಯೇ ಕಡಿಯುವಂತೆ ಬರೆಯಿರಿ. ಓದುಗರೇ, ಗೆರೆಗಿಂತ ಮೊದಲು ಎಡಗಡೆಯ ಅಂಕಿಗಳನ್ನು ನೋಡಿ. ಅವು ಇಲ್ಲದ ಚಿತ್ರವನ್ನು ಯಾರಿಗೂ ಕಳುಹಿಸಬೇಡಿ.

ಕೊನೆಗೆ, ಕೆಲಸಕ್ಕೆ ಸೇರಿ ವರ್ಷವೂ ತುಂಬದ ತಂಗಿಯರೇ, ತಮ್ಮಂದಿರೇ. ಒಂದು ಸಂಜೆ ಮೇಲಿನವರು ನಿಮ್ಮ ಹಿಂದೆ ಬಂದು ನಿಂತು, ಈ ಗೆರೆ ಇನ್ನೊಂದು ಚೂರು ಎದ್ದು ಕಾಣುವ ಹಾಗೆ ಮಾಡಪ್ಪ, ಮಾಡಮ್ಮ ಎನ್ನುತ್ತಾರೆ. ದನಿಯಲ್ಲಿ ಗದರಿಕೆ ಇರುವುದಿಲ್ಲ, ಪ್ರೀತಿಯೇ ಇರುತ್ತದೆ. ನಿಮ್ಮ ಬೆರಳು ಆ 'ಮಿನಿಮಮ್' ಚೌಕದ ಮೇಲಿರುತ್ತದೆ. ಬದಲಿಸುವುದಕ್ಕೆ ವಿಷಯದೊಳಗಿಂದ ಒಂದು ಕಾರಣವಿದ್ದರೆ ಬದಲಿಸಿ, ಆ ಕಾರಣವನ್ನು ಚಿತ್ರದ ಕೆಳಗೆ ಬರೆಯಿರಿ. ಕಾರಣವಿಲ್ಲದಿದ್ದರೆ, ಬದಲಿಸುವುದಾದರೆ ಯಾಕೆ ಬದಲಿಸಿದೆವು ಎಂದು ಮೂಲೆಯಲ್ಲಿ ಬರೆಯಬೇಕಾಗುತ್ತದೆ ಸರ್, ಏನೆಂದು ಬರೆಯಲಿ ಎಂದು ಕೇಳಿ. ಬರೆಯುವುದು ಬೇಡ ಎಂದರೆ ಗೆರೆಯನ್ನೇ ತೆಗೆದುಹಾಕಿ, ಅಂಕಿಗಳನ್ನು ಇದ್ದದ್ದು ಇದ್ದ ಹಾಗೆ ಕೋಷ್ಟಕದಲ್ಲಿ ಕೊಡಿ.